ಗುಣಪಾಲ ನೇರ ಮಾತಾಡಿದ್ದು

ಕುಂದಾಪುರ ಕೋಡಿಯ ಗುಣಪಾಲನಿಗೆ ಜ್ಞಾನೋದಯವಾದದ್ದು ಬ್ರಹ್ಮಾವರ ಬಸ್‌ಸ್ಟ್ಯಾಂಡಿನ ಹತ್ತಿರ ಇರುವ ಅವನ ಕಂಪ್ಯೂಟರ್ ಅಂಗಡಿಯಲ್ಲಿ, ಆಸಾಡಿ ತಿಂಗಳ ಒಂದು ಮಧ್ಯಾಹ್ನ, ಹೋದ ಕರೆಂಟು ಬಂದ ಸ್ವಲ್ಪ ಹೊತ್ತಿಗೆ. ಜ್ಞಾನೋದಯವಾದವರು ಮೌನಿಗಳಾಗುತ್ತಾರೆ ಎಂದು ದೊಡ್ಡವರು ಹೇಳುತ್ತಾರೆ. ಗುಣಪಾಲನೂ ಮೌನಿಯಾಗಿದ್ದರೆ ಈ ಕಥೆ ಇರುತ್ತಿರಲಿಲ್ಲ, ಅವನ ಅಕ್ಕನ ಮಗಳು ವಿಜೇತಾಳ ಮದುವೆಯೂ ತಪ್ಪುತ್ತಿರಲಿಲ್ಲ.

ಅವನ ಹಿರಿಯರೆಲ್ಲ ಕಡಲಿಗೆ ಹೋದವರು. ಗುಣಪಾಲನೂ ಹೋಗಬೇಕಾದವನೇ. ಆದರೆ ದೋಣಿ ಹೊಳೆ ಕಡಲು ಸೇರುವ ಅಳಿವೆ ದಾಟುವ ಮೊದಲೇ ಅವನ ಹೊಟ್ಟೆ ಬಾಯಿಗೆ ಬರುತ್ತಿತ್ತು. ಇವನನ್ನು ಕರೆದುಕೊಂಡು ಹೋದರೆ ಮೀನು ಹಿಡಿಯುವುದೋ ಇವನನ್ನು ಹಿಡಿಯುವುದೋ ಎಂದು ದೋಣಿಯವರೆಲ್ಲ ಸೇರಿ ಕೈಮುಗಿದ ಮೇಲೆ ಅವನು ಕಂಪ್ಯೂಟರ್ ಕಲಿತ. ಅಂಗಡಿಯಲ್ಲಿ ಜೆರಾಕ್ಸು, ಪಹಣಿ, ಆಧಾರ್ ತಿದ್ದುಪಡಿ, ಮದುವೆ ಕಾಗದದ ಡಿಸೈನು ಎಲ್ಲ ಇತ್ತು. ಎಡೆಯಲ್ಲಿ ಒಂದೆರಡು ಬೇಕರಿಗೆ ಬಿಲ್ಲಿನ ಸಾಫ್ಟ್‌ವೇರ್ ಬರೆದುಕೊಟ್ಟಿದ್ದ. ಅಲ್ಲಿಂದ ಮುಂದೆ ಯಾರಾದರೂ ಬಾಯಿತಪ್ಪಿ ಇಂಜಿನಿಯರ್ ಎಂದು ಕರೆದರೆ ಅವನು ತಿದ್ದುತ್ತಿರಲಿಲ್ಲ. ತಿದ್ದುಪಡಿ ಮಾಡಿಸಿಕೊಳ್ಳಲು ಬಂದವರನ್ನು ತಾನೇ ತಿದ್ದುವುದು ಸರಿಯಲ್ಲ ಎಂಬುದು ಅವನ ವಾದವಾಗಿತ್ತು.

ಇನ್ನು ಸೀನಣ್ಣನ ಸುದ್ದಿ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮೀನುಗಾರರ ಮನೆಗಳಲ್ಲಿ ಗಂಡು ಹೆಣ್ಣಿನ ಮಾತು ಎದ್ದರೆ ಅದು ಸೀನಣ್ಣನ ಬಾಯಿಯಿಂದಲೇ ಹೋಗಬೇಕು, ಅವನ ಬಾಯಿಯಿಂದಲೇ ಬರಬೇಕು. ಹಿಂದೆ ಬಂದರಿನಲ್ಲಿ ಮೀನಿನ ಏಲಂ, ಅಂದರೆ ಹರಾಜು, ಕೂಗುತ್ತಿದ್ದ ಮನುಷ್ಯ, ವಯಸ್ಸಾದ ಮೇಲೆ ದನಿ ಇಳಿಸಿ ಸಂಬಂಧ ಕುದುರಿಸುತ್ತಿದ್ದ. ಹೆಣ್ಣಿನವರು 'ಆ ಮನೆಯವರು ಜುಗ್ಗರು' ಎಂದರೆ ಗಂಡಿನ ಮನೆಗೆ ಹೋಗಿ, ನಿಮ್ಮದು ಹಿಡಿತದ ಮನೆ ಎಂದು ಹೊಗಳಿದರು ಎನ್ನುತ್ತಿದ್ದ. ಗಂಡಿನವರು 'ಹುಡುಗಿಗೆ ಬಾಯಿ ಜೋರು' ಎಂದರೆ ಅದು ಹೆಣ್ಣಿನ ಮನೆ ಮುಟ್ಟುವ ಹೊತ್ತಿಗೆ 'ಧೈರ್ಯದ ಹೆಣ್ಣು' ಎಂದಾಗಿರುತ್ತಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ಇದೆಯಷ್ಟೆ. ಸೀನಣ್ಣನಿಗೆ ಸಾವಿರ ಬೇಕಾಗುತ್ತಿರಲಿಲ್ಲ. ನಾಲ್ಕೈದು ಸಾಕಾಗುತ್ತಿತ್ತು, ಅವೂ ಸುಳ್ಳಲ್ಲ, ಇನ್ನೂ ಹಣ್ಣಾಗದ ನಿಜ.

ವಿಜೇತಾ ಕುಂದಾಪುರದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಬೈಂದೂರಿನ ಹತ್ತಿರ ಐಸ್ ಪ್ಲಾಂಟ್ ಇಟ್ಟುಕೊಂಡಿದ್ದ ತಿಮ್ಮಣ್ಣನ ಮಗ ರೂಪೇಶನಿಗೂ ಅವಳಿಗೂ ಕುಂಭಾಶಿಯಲ್ಲಿ ಯಾರದೋ ಮದುವೆಯಲ್ಲಿ ಪರಿಚಯವಾಗಿ, ಪರಿಚಯ ಫೋನಿಗೆ ಹತ್ತಿ, ಇಬ್ಬರೂ ಮದುವೆಯಾದರೆ ಇವರನ್ನೇ ಎಂದು ನಿಶ್ಚಯಿಸಿಕೊಂಡಿದ್ದರು. ಮನೆಯವರು ಇದು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದರು, ಯಾಕೆಂದರೆ ಸೀನಣ್ಣ ಮಾತು ಎತ್ತದೆ ಅದಕ್ಕೆ ಸಂಬಂಧ ಎಂಬ ಹೆಸರು ಬರುವುದಿಲ್ಲ. ಸೀನಣ್ಣ ಎತ್ತಿದ. ಎಲ್ಲ ಸರಿಹೋಯಿತು, ಒಂದು ಬಿಟ್ಟು. ಮದುವೆಯಾದ ಮೇಲೂ ಕೆಲಸ ಬಿಡುವುದಿಲ್ಲ ಎಂದು ವಿಜೇತಾ ಹೇಳಿದ್ದಳು. ಸೊಸೆ ಕೆಲಸಕ್ಕೆ ಹೋಗುವುದು ಬೇಡ ಎಂದು ತಿಮ್ಮಣ್ಣ ಹೇಳಿದ್ದ. ಸೀನಣ್ಣ ಇತ್ತ ಬಂದು, ಅಡ್ಡಿ ಇಲ್ಲ ಅಂದರು ಎಂದ. ಅತ್ತ ಹೋಗಿ, ಮುಂದೆ ನೋಡುವ ಅಂತ ಹುಡುಗಿ ಹೇಳಿದ್ದಾಳೆ ಎಂದ. ತಿಮ್ಮಣ್ಣನ ಸ್ವಭಾವ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೊದಲ ಸಲ ಬೇಡ ಅನ್ನುವುದು, ಎರಡನೇ ಸಲ ಸುಮ್ಮನಿರುವುದು, ಮೂರನೇ ಸಲ ತನ್ನದೇ ಯೋಚನೆ ಎಂಬಂತೆ ತಾನೇ ಹೇಳುವುದು. ಆಸಾಡಿಯಲ್ಲಿ ಮದುವೆ ಮಾತು ಎತ್ತುವ ಹಾಗಿಲ್ಲ. ಅದು ಕಳೆದು ಸೋಣೆ ತಿಂಗಳು ಬರಲಿ, ಒಂದು ಸಲ ಹೇಳುವುದು. ದೀಪಾವಳಿಗೆ ಇನ್ನೊಂದು ಸಲ. ಈ ಲೆಕ್ಕಾಚಾರ ಸೀನಣ್ಣನಿಗೆ ಮಾತ್ರ ಗೊತ್ತಿತ್ತು. ಈಗ ನಿಮಗೆ ಗೊತ್ತಾಯಿತು. ಗುಣಪಾಲನಿಗೆ ಗೊತ್ತಿರಲಿಲ್ಲ.

ಅಷ್ಟರ ಮಧ್ಯೆ ಎರಡೂ ಮನೆಯವರು ಮುಖ ನೋಡಿಕೊಂಡ ಹಾಗಾಗಲಿ ಎಂದು ಸೀನಣ್ಣನೇ ಗುಣಪಾಲನಿಗೆ ಐಸ್ ಪ್ಲಾಂಟಿನ ಒಂದು ಕೆಲಸ ಕೊಡಿಸಿದ. ಮಳೆಗಾಲದ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿಯುವ ದಿನಗಳಲ್ಲಿ ಐಸಿಗಾಗಿ ಪ್ಲಾಂಟಿನ ಎದುರು ದೊಡ್ಡ ರಂಪವಾಗುತ್ತದೆ. ನಾನು ಮೊದಲು, ನೀನು ಮೊದಲು ಎಂದು ಕೈ ಕೈ ಮಿಲಾಯಿಸುವುದೂ ಇದೆ. ಯಾವ ಬೋಟಿನ ಸರದಿ ಎಂದು ಗೋಡೆಯ ದೊಡ್ಡ ಟಿವಿಯಲ್ಲಿ ತೋರಿಸಬೇಕು, ಹೆಸರು ಕೂಗಬೇಕು. ಕಂಪ್ಯೂಟರ್ ಮಾತ್ರ ರೂಪೇಶನ ಮ್ಯಾಕ್ ಲ್ಯಾಪ್‌ಟಾಪ್. ಗುಣಪಾಲನಿಗೆ ಬರುವುದು ವಿಂಡೋಸ್.

ಇದಕ್ಕೆ ಅವನು ಫ್ರೇಮ್‌ವರ್ಕ್ ಎಂಬ ಒಂದು ಸಿದ್ಧ ಚೌಕಟ್ಟು ಹಿಡಿದ. ಅದರ ಗುಣ ಏನೆಂದರೆ, ಒಂದು ಸಲ ಅದಕ್ಕೆ ಹೇಳಿಬಿಟ್ಟರೆ ಅದು ವಿಂಡೋಸಿಗೆ ವಿಂಡೋಸಿನ ರೀತಿಯಲ್ಲಿ, ಮ್ಯಾಕಿಗೆ ಮ್ಯಾಕಿನ ರೀತಿಯಲ್ಲಿ ಮುಟ್ಟಿಸುತ್ತದೆ. ಯಾರಿಗೂ ನೋವಾಗದ ಹಾಗೆ, ಎಲ್ಲೂ ಜಗಳವಾಗದ ಹಾಗೆ ಮುಟ್ಟಿಸುತ್ತದೆ. ಇದು ಯಾರ ಕೆಲಸದ ಹಾಗಿದೆ ಎಂದು ಗುಣಪಾಲನಿಗೆ ಆಗಲೇ ಹೊಳೆದಿದ್ದರೆ ಎಷ್ಟು ಚೆನ್ನಾಗಿತ್ತು. ಅವನಿಗೆ ಹೊಳೆಯಲಿಲ್ಲ. ಹೆಸರು ಕೂಗುವುದಕ್ಕೆ ವಿಜೇತಾಳಿಂದಲೇ ರೆಕಾರ್ಡ್ ಮಾಡಿಸಿದ. ಭಾವೀ ಮಾವನ ಕಿವಿಗೆ ಸೊಸೆಯ ಸ್ವರ ಈಗಲೇ ಬೀಳಲಿ ಎಂಬುದು ಅವನ ದೂರಾಲೋಚನೆ. ಅದೊಂದು ಒಳ್ಳೆಯ ಯೋಚನೆಯೇ ಆಗಿತ್ತು, ಸುಳ್ಳು ಹೇಳಬಾರದು.

ಪರೀಕ್ಷೆಗೆಂದು ಪ್ಲಾಂಟಿನಲ್ಲಿ ಇಟ್ಟಾಗ ಕೋಟಲೆ ಶುರುವಾಯಿತು. ಅಲ್ಲಿಯ ಆಫೀಸಿನ ಸುಗುಣ ಎಂಬ ಹೆಂಗಸು ಶುಚಿಯಲ್ಲಿ ಒಂದು ಕೈ ಮೇಲೆ. ಬೆಳಗ್ಗೆ ಬಂದವಳೇ ಬಟ್ಟೆಯಲ್ಲಿ ಕೀಬೋರ್ಡು ತಿಕ್ಕುತ್ತಾಳೆ. ತಿಕ್ಕುವಾಗ ಯಾವುದೋ ಎರಡು ಗುಂಡಿ ಒಟ್ಟಿಗೆ ಒತ್ತಿಹೋಗಿ ಸಾಫ್ಟ್‌ವೇರೇ ಮುಚ್ಚಿಹೋಗುತ್ತಿತ್ತು. ಪರದೆಯ ಮೇಲಿನ ಕಿಟಕಿ ಮುಚ್ಚಬೇಡ ಎಂದು ಗುಣಪಾಲ ಫ್ರೇಮ್‌ವರ್ಕಿಗೆ ಹೇಳಿದ. ಅದು ಕೇಳಿತು. ಕಿಟಕಿಯನ್ನು ಮುಚ್ಚಲು ಬಂದವರನ್ನು ತಡೆಯಿತು. ಆದರೆ ಮ್ಯಾಕಿನಲ್ಲಿ ಆ ಎರಡು ಗುಂಡಿ ಒತ್ತಿದರೆ ಕಿಟಕಿ ಮುಚ್ಚುವುದಲ್ಲ, ಮನೆಯೇ, ಅಂದರೆ ಇಡೀ ಸಾಫ್ಟ್‌ವೇರೇ, ಎದ್ದು ಹೋಗುತ್ತದೆ. ಮನೆಯ ಮಾತು ಬಂದಾಗ ಫ್ರೇಮ್‌ವರ್ಕ್ ಕೈ ಚೆಲ್ಲಿತು.

ಲ್ಯಾಪ್‌ಟಾಪನ್ನು ಅಂಗಡಿಗೆ ತಂದಿಟ್ಟುಕೊಂಡು ಪರಿಹಾರ ಹುಡುಕಿದ. ಇಂಟರ್ನೆಟ್ಟಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಬರೆದಿದ್ದ: ಫ್ರೇಮ್‌ವರ್ಕನ್ನು ಕೇಳಿ ಪ್ರಯೋಜನವಿಲ್ಲ, ಅದು ಮಧ್ಯದವನು. ಅದರ ಹಿಂದೆ ಮ್ಯಾಕಿನ ಸ್ವಂತದ ಅಪ್ಲಿಕೇಶನ್ ಆಬ್ಜೆಕ್ಟ್ ಇದೆ, ನಿಜವಾದ ಯಜಮಾನ ಅದು. ಅದನ್ನೇ ಕೈಗೆ ತೆಗೆದುಕೊಂಡು ನೇರ ಹೇಳಿಬಿಡು. ಇಷ್ಟು ಓದಿದ್ದೇ ಗುಣಪಾಲ ತೊಡೆ ತಟ್ಟಿದ. ಅದರ ಕೆಳಗೆ ಇನ್ನೂ ಎರಡು ಸಾಲು ಇದ್ದವು. ಹಾಗೆ ನೇರ ಹೋದ ಮೇಲೆ ಆಗುವುದಕ್ಕೆಲ್ಲ ಫ್ರೇಮ್‌ವರ್ಕ್ ಹೊಣೆಯಲ್ಲ ಎಂದು ಒಂದು. ಹೊರಬರುವ ದಾರಿಯನ್ನು ಮೊದಲೇ ಇಟ್ಟುಕೋ ಎಂದು ಇನ್ನೊಂದು. ತೊಡೆ ತಟ್ಟುವ ಗಡಿಬಿಡಿಯಲ್ಲಿ ಅವು ಕಣ್ಣಿಗೆ ಬೀಳಲಿಲ್ಲ.

ಯಜಮಾನನಿಗೆ ಅವನು ನೇರ ಹೇಳಿದ್ದು ಹೀಗೆ: ಮುಚ್ಚು ಅಂದರೆ ಮುಚ್ಚಬೇಡ, ಬೇರೆ ಕಡೆ ಹೋಗು ಅಂದರೆ ಹೋಗಬೇಡ, ಬಲವಂತ ಮಾಡಿದರೂ ಬಗ್ಗಬೇಡ, ಕಂಪ್ಯೂಟರನ್ನೇ ಆರಿಸುತ್ತೇನೆ ಅಂದರೂ ಬಿಡಬೇಡ. ಸುಗುಣಳ ಬಟ್ಟೆ ಸ್ವರದ ಗುಂಡಿಗೆ ತಾಗಿದರೆ ಎಂಬ ಭಯಕ್ಕೆ, ಪ್ರತಿ ಸಲ ಕೂಗುವ ಮೊದಲು ಸ್ವರವನ್ನು ಪೂರ್ತಿ ಏರಿಸಿಕೊ ಎಂದೂ ಸೇರಿಸಿದ. ಎಲ್ಲವೂ ಹೇಳಿದಂತೆ ನಡೆಯಿತು. ಎಷ್ಟು ಚೆನ್ನಾಗಿ ನಡೆಯಿತೆಂದರೆ ಸಂಜೆ ಅಂಗಡಿ ಮುಚ್ಚುವಾಗ ಗುಣಪಾಲನಿಗೇ ಅದನ್ನು ಮುಚ್ಚಲು ಬರಲಿಲ್ಲ, ಬ್ಯಾಟರಿ ಮುಗಿಯುವವರೆಗೆ ಕೂತು ಕಾಯಬೇಕಾಯಿತು. ಇದನ್ನು ಅವನು ದೋಷ ಎಂದು ತಿಳಿಯಲಿಲ್ಲ. ಗುಣಮಟ್ಟ ಎಂದು ತಿಳಿದ.

ಅಲ್ಲಿಂದ ಅವನಿಗೆ ತಲೆ ತಿರುಗಿತು. ಲೋಕದ ಎಲ್ಲ ತಾಪತ್ರಯಕ್ಕೂ ಮಧ್ಯದವರೇ ಕಾರಣ ಎಂದು ಅವನಿಗೆ ಕಾಣತೊಡಗಿತು. ಬ್ರಹ್ಮಾವರದಿಂದ ಕುಂದಾಪುರಕ್ಕೆ ಬರುವ ಖಾಸಗಿ ಬಸ್ಸಿನಲ್ಲಿ ಟಿಕೆಟಿನ ದುಡ್ಡನ್ನು ಕಂಡಕ್ಟರಿಗೆ ಕೊಡದೆ ನೇರ ಡ್ರೈವರಿನ ಕೈಗೆ ಕೊಡಲು ಹೋದ. ಡ್ರೈವರು ಬಸ್ಸು ನಿಲ್ಲಿಸಿ ಕಂಡಕ್ಟರನ್ನು ಕರೆದ. ಕಂಡಕ್ಟರು, ಇವರಿಗೆ ನನ್ನ ಮುಖ ಕಂಡರೆ ಆಗುವುದಿಲ್ಲವೋ ಎಂದು ಇಡೀ ಬಸ್ಸಿಗೆ ಕೇಳಿಸುವಂತೆ ವಿಚಾರಿಸಿದ. ಆನೆಗುಡ್ಡೆ ದೇವಸ್ಥಾನಕ್ಕೆ ಹೋದಾಗ ಅರ್ಚಕರು ಹೆಸರು ನಕ್ಷತ್ರ ಕೇಳಿದ್ದಕ್ಕೆ, ನಾನು ದೇವರ ಹತ್ತಿರ ಆಗಲೇ ನೇರ ಹೇಳಿ ಆಗಿದೆ ಎಂದ. ಅರ್ಚಕರು ಪ್ರಸಾದವನ್ನೂ ನೇರ ದೇವರಿಂದಲೇ ತೆಗೆದುಕೊಳ್ಳಿ ಎಂದು ತಟ್ಟೆ ಹಿಂದೆ ಎಳೆದುಕೊಂಡರು. ಹೆಂಡತಿ ಹರಿಣಾಕ್ಷಿ ಇದನ್ನೆಲ್ಲ ಕೇಳಿ, ಇಷ್ಟು ವರ್ಷ ಇವರ ಬುದ್ಧಿ ಮತ್ತು ಬಾಯಿಯ ಮಧ್ಯೆ ಏನೋ ಒಂದು ಅಡ್ಡ ಇತ್ತು, ಈಗ ಅದೂ ಹೋಯಿತು ಎಂದು ನೆರೆಮನೆಯವಳ ಹತ್ತಿರ ಹೇಳಿಕೊಂಡಳು.

ವಿಜೇತಾಳ ಸಂಬಂಧ ಯಾಕೆ ತಡವಾಗುತ್ತಿದೆ ಎಂಬ ಪ್ರಶ್ನೆಗೂ ಗುಣಪಾಲನಿಗೆ ಹೀಗೆಯೇ ಉತ್ತರ ಸಿಕ್ಕಿತು. ಅಕ್ಕ ಚಂದ್ರಾವತಿಯ ಮನೆಗೆ ಹೋಗಿ, ಬೋಟು ಇಳಿಯುವಾಗ ಪ್ಲಾಂಟಿನಲ್ಲಿ ಮಾಡುವ ಪೂಜೆಯ ದಿನ ತಾನೇ ತಿಮ್ಮಣ್ಣನ ಹತ್ತಿರ ಮಾತಾಡಿ ನಿಶ್ಚಿತಾರ್ಥದ ದಿನ ಹಿಡಿದುಕೊಂಡು ಬರುವುದಾಗಿ ಹೇಳಿದ. ಅಕ್ಕ ಗಾಬರಿಯಾಗಿ ಸೀನಣ್ಣನಿಗೆ ಫೋನು ಮಾಡಿದಳು. ಯಾಕೆಂದರೆ ಅವರಲ್ಲಿ ಸೋದರಮಾವನ ಮಾತು ಎಂದರೆ ಮನೆಯ ಮಾತು. ಅಪ್ಪ ಅಮ್ಮ ಏನು ಹೇಳಿದರೂ ನಾಳೆ ಬದಲಿಸಬಹುದು. ಹೆಣ್ಣಿನ ಸೋದರಮಾವ ಗಂಡಿನ ಮನೆಯ ಎದುರು ನಿಂತು ಒಂದು ಮಾತು ಆಡಿದರೆ ಅದು ಆಡಿದ ಹಾಗೆಯೇ ಉಳಿಯುತ್ತದೆ. ಅದಕ್ಕೇ ಹಿಂದಿನವರು ಸೋದರಮಾವಂದಿರನ್ನು ಆದಷ್ಟು ಮಾತಾಡದ ಹಾಗೆ ನೋಡಿಕೊಳ್ಳುತ್ತಿದ್ದರು.

ಸೀನಣ್ಣ ಮರುದಿನವೇ ಅಂಗಡಿಗೆ ಬಂದು ಕೂತ. ಅವನು ಬೈಯಲಿಲ್ಲ.

"ಕಾಣ್ ಗುಣಪಾಲ, ಅಲ್ಲ್ ಹೋರೆ ಕಂಪ್ಯೂಟ್ರ್ ಮಾತ್ ಆಡ್, ಚಾ ಕುಡಿ, ಎದ್ದ್ ಬಾ. ಮದಿ ಮಾತ್ ಆಸಾಡಿಯಂಗೆ ಬೇಡ. ಅದ್ ನಂಗ್ ಬಿಡ್" ಎಂದ.

ಗುಣಪಾಲ ಆಯಿತು ಎಂದ. ಮಧ್ಯದವರು ಹೀಗೆಯೇ ಹೇಳುತ್ತಾರೆ ಎಂದು ಮನಸ್ಸಿನಲ್ಲೇ ನಕ್ಕ.

ಬೋಟುಗಳು ಇಳಿಯುವ ಹೊತ್ತಿಗೆ ಪ್ಲಾಂಟಿನಲ್ಲಿ ಪೂಜೆ ಇಟ್ಟುಕೊಂಡಿದ್ದರು. ಬೋಟಿನ ಮಾಲೀಕರು, ಬೋಟಿನಲ್ಲಿ ದುಡಿಯುವ ಕಲಾಸಿಗಳು, ಐಸ್ ಹೊರುವವರು, ಪಂಚಾಯತ್ ಸದಸ್ಯ ಸುಧೀರ್, ಎಲ್ಲ ನೆರೆದಿದ್ದರು. ರೂಪೇಶ್ ಮಾತ್ರ ಮೆಶೀನಿನ ಒಂದು ಸಾಮಾನು ತರಲು ಭಟ್ಕಳಕ್ಕೆ ಹೋಗಿದ್ದ. ಅವನು ಇದ್ದಿದ್ದರೆ ಎಂದು ಹೇಳಿ ಈಗ ಪ್ರಯೋಜನವಿಲ್ಲ. ಕಾಯಿ ಒಡೆದರು. ಗುಣಪಾಲ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಗೋಡೆಯ ಟಿವಿಯಲ್ಲಿ ಬೋಟುಗಳ ಹೆಸರು ಸಾಲಾಗಿ ಮೂಡಿತು. ವಿಜೇತಾಳ ಸ್ವರ ಕೇಳಿಸಿತು: "ಜಲದುರ್ಗಾ ಬೋಟಿನವರು ಮುಂದೆ ಬನ್ನಿ. ಉಳಿದವರು ದಯವಿಟ್ಟು ತಾಳ್ಮೆಯಿಂದಿರಿ. ಧನ್ಯವಾದಗಳು."

ಐಸಿನ ಎದುರು ಧನ್ಯವಾದ ಎಂಬ ಶಬ್ದವನ್ನು ಆ ಜನ ಹುಟ್ಟಿದ ಮೇಲೆ ಕೇಳಿರಲಿಲ್ಲ. ಜಲದುರ್ಗಾದವರು ನಾಚಿಕೊಂಡು ಮುಂದೆ ಬಂದರು, ಉಳಿದವರು ಶಾಲೆಯ ಮಕ್ಕಳ ಹಾಗೆ ಸಾಲು ನಿಂತರು. ತಿಮ್ಮಣ್ಣ ಗುಣಪಾಲನನ್ನು ಪಕ್ಕಕ್ಕೆ ಕೂರಿಸಿಕೊಂಡು ಇದು ಯಾರ ಸ್ವರ ಎಂದು ಕೇಳಿದ. ನಮ್ಮ ವಿಜೇತಾಳದ್ದು ಎಂದು ಗುಣಪಾಲ ಹೇಳಿದ. ತಿಮ್ಮಣ್ಣ ಇನ್ನೊಂದು ಬೋಟಿನ ಹೆಸರು ಕೂಗುವವರೆಗೆ ಕಿವಿಗೊಟ್ಟ. ಮತ್ತೆ, ಚೆಂದ ಇದೆ ಎಂದ.

ಅಯ್ಯೋ, ಅಲ್ಲಿಗೆ ಚಾ ಕುಡಿದು ಏಳಬಹುದಿತ್ತು. ಚಾ ಎದುರಿಗೇ ಇತ್ತು.

ಗುಣಪಾಲ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ತಿಮ್ಮಣ್ಣ, ಮಧ್ಯದವ್ರ್ ಯಾರೂ ಬೇಡ, ನಾವ್ ನೇರ ಮಾತಾಡುವ" ಎಂದು ಶುರುಮಾಡಿದ. ಅವನ ಉದ್ದೇಶ ಹೊಗಳುವುದೇ ಆಗಿತ್ತು. "ನಿಮ್ದ್ ದೊಡ್ಡ್ ಮನ್ಸ್. ಮದಿ ಆದ್ಮೇಲೂ ನಮ್ ಹೆಣ್ಣ್ ಕೆಲ್ಸಕ್ಕೆ ಹೋಯ್ಲಿ ಅಂದಿರಂಬ್ರ್. ಸೀನಣ್ಣ ಹೇಳ್ದ."

ತಿಮ್ಮಣ್ಣನ ಮುಖ ಕೆಂಪಾಯಿತು. ಸೊಸೆ ಕೆಲಸಕ್ಕೆ ಹೋಗುವುದು ಬೇಡ ಎಂಬ ಮಾತನ್ನು ಅವನು ಸೀನಣ್ಣನ ಹತ್ತಿರ ಆಡಿದ್ದು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುವಾಗ. ಅದು ಬೇಡ ಮಾರಾಯ ಎಂಬಂಥ ಮಾತು, ಮರುದಿನ ಬೇಕಾದರೆ ಉಗಿದುಬಿಡಬಹುದಾಗಿದ್ದದ್ದು. ಈಗ ಸುತ್ತ ಊರೇ ನಿಂತು ಕೇಳುತ್ತಿತ್ತು. ನಾಲ್ಕು ಜನರ ಎದುರು ತಿಮ್ಮಣ್ಣ ಅಂದು ಒಂದು ಹೇಳಿದ, ಇಂದು ಇನ್ನೊಂದು ಹೇಳಿದ ಎಂದಾಗಬಾರದಲ್ಲ.

"ನಾ ಹಾಂಗ್ ಹೇಳ್ಲಿಲ್ಲೆ" ಎಂದು ಅವನು ಎದ್ದು ನಿಂತ. "ನಮ್ ಮನಿ ಸೊಸೆ ಕೆಲ್ಸಕ್ಕೆ ಹೋಪುದಿಲ್ಲೆ. ಅಂದೂ ಅದೇ ಹೇಳದ್ದ್, ಇಂದೂ ಅದೇ."

ಪಂಚಾಯತ್ ಸದಸ್ಯ ಸುಧೀರ್ ನಡುವೆ ಬಂದು, ಆಸಾಡಿಯಲ್ಲಿ ಮದುವೆ ಮಾತು ಯಾಕೆ, ಪಾಯಸ ಆಗಿದೆ, ಕೂರಿ ಎಂದು ಸಮಾಧಾನ ಮಾಡಿದ. ಗುಣಪಾಲ ಅವನನ್ನೂ ಮಧ್ಯದವನು ಎಂದು ಬದಿಗೆ ಸರಿಸಿದ. ಹಾಗಾದರೆ ಸೀನಣ್ಣ ನಮಗೆ ಸುಳ್ಳು ಹೇಳಿದ್ದು, ಇಷ್ಟು ದಿನ ನಮ್ಮನ್ನು ಮಂಗ ಮಾಡಿದ್ದು ಎಂದು ಅಷ್ಟೂ ಜನಕ್ಕೆ ಕೇಳಿಸುವಂತೆ ಹೇಳಿದ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ, ಬಾಯಿಗೆ ಮಟ್ಟವೇ ಇರುವುದಿಲ್ಲ. ಇನ್ನೊಂದು ಮಾತು ಅವನ ಬಾಯಿಯಿಂದ ಬಂದೇಬಿಟ್ಟಿತು.

"ಹಾಂಗಾರೆ ನಮ್ ಹೆಣ್ಣ್ ನಿಮ್ ಮನಿಗಿಲ್ಲೆ."

ಐಸ್ ಹೊರುತ್ತಿದ್ದವರು ಹೊತ್ತ ಐಸನ್ನು ಹಾಗೇ ಹಿಡಿದು ನಿಂತರು. ಹೇಳಿದವನು ಹೆಣ್ಣಿನ ಸೋದರಮಾವ ಎಂದು ಎಲ್ಲರಿಗೂ ಗೊತ್ತಿತ್ತು. ಗುಣಪಾಲನಿಗೂ ಆಗಲೇ ನೆನಪಾದದ್ದು. ಅದೇ ಹೊತ್ತಿಗೆ ಟಿವಿಯಿಂದ ವಿಜೇತಾಳ ಸ್ವರ ಎದ್ದಿತು: "ಸಾಗರಲಕ್ಷ್ಮೀ ಬೋಟಿನವರು ಮುಂದೆ ಬನ್ನಿ. ಉಳಿದವರು ದಯವಿಟ್ಟು ತಾಳ್ಮೆಯಿಂದಿರಿ. ಧನ್ಯವಾದಗಳು."

ಅದನ್ನು ಮೊದಲು ನಿಲ್ಲಿಸಿ ಎಂದು ತಿಮ್ಮಣ್ಣ ಹೇಳಿದ. ಆ ಸ್ವರ ಅವನಿಗೆ ಹಿಡಿಸಿತ್ತು ಎಂಬುದನ್ನು ಮರೆಯಬಾರದು.

ಗುಣಪಾಲ ಗುಂಡಿ ಒತ್ತಿದ. ಅದು ನಿಲ್ಲಲಿಲ್ಲ. ಬೇರೆ ಗುಂಡಿ ಒತ್ತಿದ. ಬಲವಂತ ಮಾಡಿದರೂ ಬಗ್ಗಬೇಡ ಎಂದು ತಾನೇ ಹೇಳಿಕೊಟ್ಟಿದ್ದ, ಅದು ಬಗ್ಗಲಿಲ್ಲ. ಸ್ವರ ಇಳಿಸಿದ. ಕೂಗುವ ಮೊದಲು ಅದು ತಾನೇ ಏರಿಸಿಕೊಂಡಿತು. ಸುಗುಣ ಓಡಿ ಬಂದು, ಮೊದಲು ನಾನು ಬಟ್ಟೆ ಮುಟ್ಟಿಸಿದರೆ ಸಾಕಿತ್ತು, ಆರಿಹೋಗುತ್ತಿತ್ತು ಎಂದು ಕೀಬೋರ್ಡು ತಿಕ್ಕಿ ನೋಡಿದಳು. ಕಲಾಸಿಯೊಬ್ಬ ಟಿವಿ ಆರಿಸಿದ. ಸ್ವರ ಲ್ಯಾಪ್‌ಟಾಪಿನಿಂದ ಬಂತು. ಇನ್ನೊಬ್ಬ ಕರೆಂಟಿನ ಮೈನ್ ಎಳೆದ. ಇಡೀ ಪ್ಲಾಂಟು ನಿಂತಿತು, ಫ್ಯಾನು ನಿಂತಿತು, ಕಂಪ್ರೆಸರು ನಿಂತಿತು, ಬ್ಯಾಟರಿಯ ಪುಣ್ಯದಿಂದ ವಿಜೇತಾ ನಿಲ್ಲಲಿಲ್ಲ. ಆರಿಸುವ ಗುಂಡಿಯನ್ನು ಉಸಿರು ಕಟ್ಟಿ ಒತ್ತಿಕೊಂಡೇ ಇದ್ದರೆ ಸತ್ತುಹೋಗುತ್ತದೆ ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಸುಗುಣಳೇ ಅದನ್ನು ಗೋಣಿಚೀಲದಲ್ಲಿ ಸುತ್ತಿ ಐಸಿನ ಕೋಣೆಯೊಳಗೆ ಇಟ್ಟು ಬಾಗಿಲು ಹಾಕಿದಳು. ಒಳಗಿನಿಂದ ಬಾವಿಯ ತಳದ ಹಾಗೆ ಸ್ವರ ಬರುತ್ತಲೇ ಇತ್ತು. ತಾಳ್ಮೆಯಿಂದಿರಿ ಎಂದಿತು, ಧನ್ಯವಾದಗಳು ಎಂದಿತು. ತಿಮ್ಮಣ್ಣ ಆ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದ. ಜನರಲ್ಲಿ ಕೆಲವರು ನಗುತ್ತಿದ್ದರು. ಗುಣಪಾಲನಿಗೆ ಅಳು ಬಂತು.

ಅಷ್ಟರಲ್ಲಿ ರೂಪೇಶ್ ಬಂದ. ಯಾರು ಏನು ಹೇಳಿದರೋ, ಎಲ್ಲ ಕೇಳಿಕೊಂಡು ಗುಣಪಾಲನ ಹತ್ತಿರ ಬಂದು ನಿಂತ.

"ಎರಡ್ ತಿಂಗ್ಳ್ ಸುಮ್ನಿಪ್ಪುಕೆ ಆಗ್ದಾ ಮಾವ ನಿಮ್ಗೆ?" ಎಂದಷ್ಟೇ ಕೇಳಿದ.

ಊರಿಗೆ ಊರೇ ಇದನ್ನು ಬಾಯಿಗೆ ಹಾಕಿಕೊಂಡಿತು. ಕುಂದಾಪುರ ಮೀನು ಮಾರ್ಕೆಟ್ಟಿನಲ್ಲಿ ಬಂಗುಡೆ ಕೊಳ್ಳಲು ಹೋದ ಹರಿಣಾಕ್ಷಿಗೆ, ನಿಮ್ಮ ಮನೆಯವರು ಐಸಿನ ಕೋಣೆಗೆ ಹಾಡು ಕಲಿಸಿದರಂತೆ ಎಂದು ಕೇಳುವವರಾದರು. ಚಂದ್ರಾವತಿ ತಮ್ಮನೊಡನೆ ಮಾತು ಬಿಟ್ಟಳು. ಬಿಟ್ಟೆ ಎಂದು ಹೇಳುವುದಕ್ಕೆ ದಿನಾ ಫೋನು ಮಾಡುತ್ತಿದ್ದಳು. ವಿಜೇತಾ ಮಾತ್ರ ಮೊದಲಿನಂತೆಯೇ ಕೆಲಸಕ್ಕೆ ಹೋದಳು, ಬಂದಳು. ಎದುರು ಸಿಕ್ಕರೆ ಊಟ ಆಯಿತೋ ಎಂದು ಕೇಳಿದಳು. ಬೈದಿದ್ದರೆ ಗುಣಪಾಲನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಸೀನಣ್ಣನ ಮನೆಗೆ ಹೋಗಿ ಕಾಲು ಹಿಡಿಯುವುದೊಂದು ಬಾಕಿ. ಇನ್ನೊಂದು ಸಲ ನೀವೇ ಹೋಗಬೇಕು ಎಂದು ಬೇಡಿಕೊಂಡ. ಸೀನಣ್ಣ ಬೆಲ್ಲ ನೀರು ಕೊಡಿಸಿದ, ಕುಡಿಯುವವರೆಗೆ ಕಾದ.

"ಸಿಟ್ಟಿನ್ ಮಾತ್ ನನ್ ಹೊಟ್ಟಿಯಂಗೆ ಇದ್ರೆ ಅಲ್ಲೇ ಕರ್ಗಿ ಹೋತಿತ್ತ್. ಅದಕ್ಕೇ ಅಲ್ದಾ ನಾ ಇಪ್ದ್? ನೀ ಅದನ್ ಊರ್ ಎದ್ರ್ ಅವನ್ ಬಾಯಂಗೇ ಆಡ್ಸ್ದೆ. ನಿನ್ ಬಾಯಂಗೂ ಒಂದ್ ಬಂತ್. ಇನ್ನ್ ಯಾರ್ ಹಿಂದೆ ತಕಂಬುದ್?" ಎಂದ. ಖಾಲಿ ಲೋಟ ತೆಗೆದು ಬದಿಗಿಟ್ಟು, "ನನ್ನ್ ಸುಳ್ಳ ಅಂದ್ ಬಂದಿ ನೀನ್. ಸುಳ್ಳನ್ ಮಾತ್ ಈಗ ಯಾರ್ ಕೇಂತ್ರ್ ಹೇಳ್" ಎಂದ.

ಅದು ನಿಜವಾಯಿತು. ಆ ವರ್ಷದಿಂದ ಸೀನಣ್ಣನ ಹತ್ತಿರ ಸಂಬಂಧ ಕೇಳಿಕೊಂಡು ಬರುವವರು ಕಡಿಮೆಯಾದರು. ಬಂದವರೂ ಅವನು ಹೇಳಿದ್ದನ್ನು ಆಚೆ ಮನೆಗೆ ಫೋನು ಮಾಡಿ ಹೌದೋ ಎಂದು ವಿಚಾರಿಸತೊಡಗಿದರು. ವಿಚಾರಿಸಿದ ಸಂಬಂಧ ಒಂದೂ ಕೂಡಲಿಲ್ಲ. ಸೀನಣ್ಣ ಮನೆಯಲ್ಲೇ ಉಳಿದ. ಗುಣಪಾಲ ತಾನು ಒಂದು ಸಂಬಂಧ ಮುರಿದೆ ಎಂದುಕೊಂಡಿದ್ದ. ಎಷ್ಟು ಮುರಿದವೋ ದೇವರೇ ಬಲ್ಲ.

ತಾನೇ ಹೋಗಿ ತಿಮ್ಮಣ್ಣನಿಗೆ ತಪ್ಪಾಯಿತು ಎನ್ನಬಹುದಿತ್ತು. ಬೈಂದೂರಿನ ಬಸ್ಸು ಹತ್ತಲು ಅವನು ಒಂದೆರಡು ಸಲ ಶಾಸ್ತ್ರೀ ಸರ್ಕಲ್ಲಿನವರೆಗೆ ಹೋದದ್ದೂ ಉಂಟು. ಬಸ್ಸು ಬಂದಾಗ ಸೋದರಮಾವನ ಮಾತಿನ ಗತ್ತು ನೆನಪಾಗುತ್ತಿತ್ತು, ಇಲ್ಲವೇ ಐಸಿನ ಕೋಣೆ ನೆನಪಾಗುತ್ತಿತ್ತು. ಮುಂದಿನ ಬಸ್ಸಿಗೆ ಹೋಗುವ ಎಂದು ಮನೆಗೆ ಬರುತ್ತಿದ್ದ.

ಮರುವರ್ಷದ ಬೇಸಿಗೆಯಲ್ಲಿ ರೂಪೇಶನಿಗೆ ಬೇರೆ ಕಡೆ ಮದುವೆಯಾಯಿತು. ಅದಾಗಿ ಮಳೆ ಹಿಡಿದ ಮೇಲೆ ಒಂದು ದಿನ ಬೈಂದೂರಿನ ಸಹಕಾರಿ ಸಂಘವೊಂದರಿಂದ ಗುಣಪಾಲನಿಗೆ ಪ್ರಿಂಟರ್ ರಿಪೇರಿಗೆ ಕರೆ ಬಂತು. ಕೌಂಟರಿನಲ್ಲಿ ಹೊಸ ಕರಿಮಣಿ ಹಾಕಿಕೊಂಡ ಒಬ್ಬ ಹುಡುಗಿ ಕೂತಿದ್ದಳು. ಗುಣಪಾಲ ಮೇಜಿನ ಅಡಿಗೆ ಹೋಗಿ ವಯರು ಎಳೆಯುತ್ತಿದ್ದಾಗ ಕೊಡೆ ಮಡಚುವ ಸದ್ದಾಯಿತು. ಹೊರಗೆ ತಲೆ ಹಾಕಿ ನೋಡಿದರೆ ತಿಮ್ಮಣ್ಣ ನಿಂತಿದ್ದ. ಅವನ ಕೈಯಲ್ಲಿ ಸೊಸೆಯ ಊಟದ ಡಬ್ಬಿ ಇತ್ತು.

"ಬಿಟ್ಟ್ ಬಂದಿಯಲೆ ಮಗಾ. ಮೀನ್ ಸಾರ್ ಬೇರೆ ಇತ್ತ್, ಅಡ್ಡ ಇಡ್ಬೇಡ" ಎಂದು ಅದನ್ನು ಕೌಂಟರಿನ ಮೇಲಿಟ್ಟ.

ಗುಣಪಾಲ ಮೇಜಿನ ಅಡಿಯಿಂದ ಏಳುವಾಗ ತಲೆ ಬಡಿದುಕೊಂಡ. ತಿಮ್ಮಣ್ಣ ಅವನನ್ನು ಕಂಡ. ಸಿಟ್ಟು ಮಾಡಲಿಲ್ಲ, ಆರೋಗ್ಯ ವಿಚಾರಿಸಿದ, ತಲೆಗೆ ಪೆಟ್ಟಾಯಿತೋ ಎಂದು ಕೇಳಿದ. ಈ ಕಾಲದಲ್ಲಿ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸುವುದು ಸರಿಯಲ್ಲ, ಮೊದಲಿನಿಂದಲೂ ತನ್ನ ಅಭಿಪ್ರಾಯ ಅದೇ ಎಂದು ತಾನಾಗಿಯೇ ಹೇಳಿದ. ಅಡ್ಡಿ ಇಲ್ಲ ಅಂದರು ಎಂದು ಸೀನಣ್ಣ ಹೇಳಿದ್ದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಊರಿಗೆ ಬಂದವನು ನೇರ ಅಕ್ಕನ ಮನೆಗೆ ಹೋದ. ಚಂದ್ರಾವತಿ ಇರಲಿಲ್ಲ. ವಿಜೇತಾ ಮಧ್ಯಾಹ್ನದ ಪಾಳಿಗೆ ಹೊರಟು ನಿಂತಿದ್ದಳು. ಚಾ ಮಾಡಿ ಕೊಟ್ಟು, ಬೈಂದೂರಿನಲ್ಲಿ ಏನು ವಿಶೇಷ ಎಂದು ಕೇಳಿದಳು. ಏನೂ ಇಲ್ಲ, ಪ್ರಿಂಟರ್ ಸರಿಯಾಯಿತು ಎಂದು ಹೇಳಬೇಕೆಂದು ಬಸ್ಸಿನಲ್ಲಿ ಇಡೀ ದಾರಿ ಅಭ್ಯಾಸ ಮಾಡಿಕೊಂಡು ಬಂದಿದ್ದ. ಅವಳ ಮುಖ ನೋಡಿದ್ದೇ ಎಲ್ಲ ಹೊರಬಂತು. ಡಬ್ಬಿ, ಮೀನು ಸಾರು, ತಿಮ್ಮಣ್ಣ ಬದಲಾದದ್ದು, ಒಂದನ್ನೂ ಬಿಡದೆ ಹೇಳಿದ. ನಾನು ನಿನ್ನ ಬಾಳು ಹಾಳು ಮಾಡಿದೆ ಎಂದು ಕಣ್ಣೀರು ಹಾಕಿದ.

ವಿಜೇತಾ ಚೀಲಕ್ಕೆ ಕೊಡೆ ಹಾಕಿಕೊಳ್ಳುತ್ತಿದ್ದಳು.

"ಅವ್ರ್ ಬದ್ಲಾದ್ದ್ ನಂಗ್ ಗೊತ್ತಿತ್ತ್ ಮಾವ. ದೀಪಾವಳಿ ಹೊತ್ತಿಗೇ ರೂಪೇಶ್ ಫೋನ್ ಮಾಡಿದ್ದ. ಅಪ್ಪಯ್ಯ ಮೆತ್ತಗಾಯಿರ್, ನಿಮ್ ಮಾವ ಒಂದ್ ಸಲ ಬಂದ್ ಆ ಮಾತ್ ಹಿಂದೆ ತಕಂಡ್ರೆ ಸಾಕ್ ಅಂದ."

ಗುಣಪಾಲನಿಗೆ ಕೈಯ ಲೋಟ ಎಲ್ಲಿಡಬೇಕೆಂದು ತಿಳಿಯಲಿಲ್ಲ. "ನಂಗ್ ಎಂತಕೆ ಹೇಳ್ಲಿಲ್ಲೆ ಮಗಾ?" ಎಂದ.

"ಹೇಳುಕೆ ಅಂದೇ ನಿಮ್ಮನಿಗ್ ಬಂದಿದ್ದೆ. ಬಾಗ್ಲ್ ತಂಕ ಬಂದೆ. ನೀವ್ ಒಳ್ಗ್ ಯಾರ್ ಹತ್ರವೋ ಫೋನಂಗೆ ಜೋರ್ ಮಾತಾಡ್ತಿದ್ರಿ, ನಾ ಯಾವತ್ತೂ ನೇರ ಹೇಳುವವ ಅಂದ್. ಅಲ್ಲ್ ಹೋಯಿ ಮತ್ತೆಂತ ಹೇಳ್ತ್ರೋ ಅಂದ್ ನಂಗ್ ಹೆದ್ರಿಕಿ ಆಯ್ತ್. ತಿರ್ಗಿ ಬಂದೆ."

ಚಾ ಆರುತ್ತಿದೆ, ಕುಡಿಯಿರಿ ಎಂದು ಹೇಳಿ ಅವಳು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದಳು. ಗುಣಪಾಲ ಅಲ್ಲೇ ಕೂತ. ಅಂದು ಫೋನಿನ ಆಚೆ ಇದ್ದವರು ಯಾರು, ಯಾವ ವಿಷಯಕ್ಕೆ ಅಷ್ಟು ಜೋರು ಮಾಡಿದ್ದು ಎಂದು ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ.